ಮೇಜು ಬದಲಾದರೂ ಕೆಲಸ ಕೈಗೆ ಸಿಗಬೇಕು: ಸಣ್ಣ ಕಚೇರಿಗೆ ಯಾವ ಪ್ರೊಫೈಲ್, ಯಾವ ರಿಮೋಟ್ ಡೆಸ್ಕ್‌ಟಾಪ್?

ಲೆಕ್ಕಪರಿಶೋಧಕರು, ತೆರಿಗೆ ಸಲಹೆಗಾರರು, ಸಣ್ಣ ಗುತ್ತಿಗೆದಾರರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿರುತ್ತದೆ. ಕಚೇರಿಯಲ್ಲಿ ಹತ್ತು ಕಂಪ್ಯೂಟರುಗಳಿವೆ, ಹದಿಮೂರು ಜನರಿದ್ದಾರೆ. ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಮಾಡುವ ಹುಡುಗ ಹುಡುಗಿಯರು ಅರ್ಧ ದಿನ ಕಕ್ಷಿದಾರರ ಅಂಗಡಿಯಲ್ಲಿ ಲೆಕ್ಕ ನೋಡಿ ಬರುತ್ತಾರೆ, ಬಂದ ಮೇಲೆ ಖಾಲಿಯಿರುವ ಮೇಜಿನಲ್ಲಿ ಕೂರುತ್ತಾರೆ. ಸೆಪ್ಟೆಂಬರ್ 30ರ ತೆರಿಗೆ ಆಡಿಟ್ ಗಡುವು ಹತ್ತಿರವಾದರೆ ರಾತ್ರಿ ಮನೆಯಿಂದಲೂ ಕೆಲಸ ಸಾಗಬೇಕು. ಒಬ್ಬ ಮಾರಾಟಗಾರ ಸರ್ವರ್ ಹಾಕಿಸಿ ಎನ್ನುತ್ತಾನೆ, ಇನ್ನೊಬ್ಬ ಎಲ್ಲವನ್ನೂ ಕ್ಲೌಡ್‌ಗೆ ಏರಿಸಿ ಎನ್ನುತ್ತಾನೆ, ಪರಿಚಯದ ಹುಡುಗ ದೂರದ ಪರದೆ ತೋರಿಸುವ ಎನಿಡೆಸ್ಕ್ ಸಾಕು ಎನ್ನುತ್ತಾನೆ. ಯಾರ ಮಾತು ಕೇಳಬೇಕು?

ಈ ಗೊಂದಲದ ಮೂಲ ಎರಡು ಬೇರೆ ಬೇರೆ ಬೇಡಿಕೆಗಳು ಕಲಸಿಹೋಗಿರುವುದು. "ನಾನು ಯಾವ ಕಂಪ್ಯೂಟರಿನ ಮುಂದೆ ಕೂತರೂ ನನ್ನ ಕಡತ, ನನ್ನ ಸೆಟ್ಟಿಂಗು ಅಲ್ಲಿರಬೇಕು" ಎನ್ನುವುದು ಪ್ರೊಫೈಲಿನ ಮಾತು. "ನಾನು ಮನೆಯಲ್ಲಿದ್ದುಕೊಂಡು ಕಚೇರಿಯ ಕಂಪ್ಯೂಟರನ್ನು ನಡೆಸಬೇಕು" ಎನ್ನುವುದು ರಿಮೋಟ್ ಡೆಸ್ಕ್‌ಟಾಪಿನ ಮಾತು. ಸಣ್ಣ ಕಚೇರಿಗಳ ಮಟ್ಟಿಗೆ ನನ್ನ ನಿಲುವು ಸ್ಪಷ್ಟ: ಎರಡನೆಯದನ್ನು ಸರಿಯಾಗಿ ಬಗೆಹರಿಸಿದರೆ ಮೊದಲನೆಯದು ಬಹುಪಾಲು ತಾನೇ ಕರಗುತ್ತದೆ. ಮಾಹಿತಿಯನ್ನು ಮೇಜಿನಿಂದ ಮೇಜಿಗೆ ಹೊತ್ತು ತಿರುಗಿಸುವುದಕ್ಕಿಂತ ಅದನ್ನು ಒಂದೆಡೆ ಇಟ್ಟು, ಮನುಷ್ಯರೇ ಅಲ್ಲಿಗೆ ಬರುವಂತೆ ಮಾಡುವುದು ಅಗ್ಗ, ಸುಭದ್ರ. ಇದಕ್ಕೆ ಅಪವಾದಗಳಿವೆ, ಅವನ್ನೂ ಹೇಳುತ್ತೇನೆ.

ಇಲ್ಲಿ ನನ್ನ ಕಣ್ಣ ಮುಂದಿರುವುದು 3ರಿಂದ 25 ಜನರ ಕಚೇರಿ. ವಿಂಡೋಸ್, ಟ್ಯಾಲಿ, ಎಕ್ಸೆಲ್, ಔಟ್‌ಲುಕ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನು, ಪತ್ರ ಬರೆಯಲು ನುಡಿ ಅಥವಾ ಬರಹ. ಕರ್ನಾಟಕದ ಯಾವ ಜಿಲ್ಲಾ ಕೇಂದ್ರಕ್ಕೆ ಹೋದರೂ ಇಂಥ ಕಚೇರಿ ಸಿಗುತ್ತದೆ.

ಮೊದಲು ಅಳತೆಗೋಲು

ಉತ್ಪನ್ನದ ಹೆಸರು ಕೇಳುವ ಮೊದಲು ಕೆಲವು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದುಕೊಳ್ಳಿ.

ಎಷ್ಟು ಜನ ನಿಜಕ್ಕೂ ಮೇಜು ಬದಲಿಸುತ್ತಾರೆ? ಹದಿಮೂರು ಜನರಲ್ಲಿ ಒಂಬತ್ತು ಮಂದಿ ವರ್ಷವಿಡೀ ಒಂದೇ ಕುರ್ಚಿಯಲ್ಲಿ ಕೂರುವವರಾದರೆ ಉಳಿದ ನಾಲ್ವರಿಗಾಗಿ ಇಡೀ ಜಾಲವನ್ನು ಕೆಡವಿ ಕಟ್ಟುವ ಅಗತ್ಯವಿಲ್ಲ.

ಕಚೇರಿಯ ಅತಿ ಹಠಮಾರಿ ತಂತ್ರಾಂಶ ಯಾವುದು? ಆಯ್ಕೆಯನ್ನು ನಿರ್ಧರಿಸುವುದು ಅದೇ. ಎಕ್ಸೆಲ್ ಎಲ್ಲಿ ಬೇಕಾದರೂ ಓಡುತ್ತದೆ. ಟ್ಯಾಲಿ ಹಾಗಲ್ಲ, ಸಹಿಯ ಟೋಕನ್ನಂತೂ ಇನ್ನೂ ಮೊಂಡು.

ವಿದ್ಯುತ್ತು ಅಥವಾ ಇಂಟರ್ನೆಟ್ ಹೋದಾಗ ಯಾವ ಕೆಲಸ ನಿಲ್ಲಬಾರದು? ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸುವ 20ನೇ ತಾರೀಖಿನ ಸಂಜೆ ಲೈನ್ ಕಡಿದುಹೋದರೆ ಏನು ಮಾಡುತ್ತೀರಿ ಎಂದು ಕೇಳಿಕೊಂಡರೆ ಉತ್ತರ ಬೇಗ ಹೊಳೆಯುತ್ತದೆ.

ನೋಡಿಕೊಳ್ಳುವವರು ಯಾರು? ಫೋನು ಮಾಡಿದರೆ ಅದೇ ದಿನ ಬರುವ ತಂತ್ರಜ್ಞರು ಊರಿನಲ್ಲಿ ಇಲ್ಲದಿದ್ದರೆ ಡೊಮೈನ್ ಸರ್ವರ್ (ಎಲ್ಲರ ಖಾತೆಗಳನ್ನೂ ಒಂದೇ ಕಡೆಯಿಂದ ನಡೆಸುವ ಯಂತ್ರ) ಇಟ್ಟುಕೊಳ್ಳುವುದು ಭಾರವಾಗುತ್ತದೆ.

ಹಣ ಒಮ್ಮೆಲೇ ಕೊಡಬಲ್ಲಿರೋ, ತಿಂಗಳು ತಿಂಗಳು ಕೊಡುವುದು ಹಗುರವೋ? ಕೊನೆಯದು, ಎಲ್ಲರೂ ಮರೆಯುವ ಪ್ರಶ್ನೆ: ಒಬ್ಬ ಸಿಬ್ಬಂದಿ ಕೆಲಸ ಬಿಟ್ಟ ಸಂಜೆ ಅವರ ಪ್ರವೇಶವನ್ನು ಒಂದೇ ಕಡೆಯಿಂದ ಮುಚ್ಚಿ, ಅವರ ಕಡತಗಳನ್ನು ಉಳಿದವರಿಗೆ ಕೊಡಲು ನಿಮಗೆ ಸಾಧ್ಯವೇ?

ಪ್ರೊಫೈಲ್ ಎಲ್ಲಿರಬೇಕು?

ವಿಂಡೋಸಿನಲ್ಲಿ ಪ್ರೊಫೈಲ್ ಎಂದರೆ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ ನಿಮ್ಮ ಹೆಸರಿನಲ್ಲಿರುವ ಫೋಲ್ಡರ್. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಜೊತೆಗೆ ಕಣ್ಣಿಗೆ ಕಾಣದ ಆಪ್‌ಡೇಟಾ ಫೋಲ್ಡರು, ನಿಮ್ಮ ಸೆಟ್ಟಿಂಗುಗಳ ರಿಜಿಸ್ಟ್ರಿ ಕಡತ ಎಲ್ಲವೂ ಅದರಲ್ಲಿರುತ್ತವೆ. ಆಪ್‌ಡೇಟಾದೊಳಗೆ ಮತ್ತೆ ರೋಮಿಂಗ್, ಲೋಕಲ್ ಎಂಬ ಎರಡು ಮುಖ್ಯ ಭಾಗಗಳಿವೆ. ಈ ವಿಂಗಡಣೆ ಗೊತ್ತಿಲ್ಲದೆ ಹಣ ಖರ್ಚು ಮಾಡಿದವರು ಬಹಳ.

ಸ್ಥಳೀಯ ಪ್ರೊಫೈಲ್, ಜೊತೆಗೆ ಒಂದು ಹಂಚಿಕೆಯ ಫೋಲ್ಡರ್ ಅತಿ ಸರಳ ವ್ಯವಸ್ಥೆ. ಪ್ರತಿ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರಿಗೂ ಖಾತೆ, ಕಡತಗಳೆಲ್ಲ ಜಾಲಕ್ಕೆ ಜೋಡಿಸಿದ ಒಂದು ಡಿಸ್ಕ್ ಪೆಟ್ಟಿಗೆಯಲ್ಲಿ, ಅಂದರೆ ನ್ಯಾಸ್‌ನಲ್ಲಿ. ಐದು ಜನರವರೆಗೆ ಇದು ಚೆನ್ನಾಗಿ ನಡೆಯುತ್ತದೆ, ವಿಂಡೋಸ್ ಹೋಮ್ ಇದ್ದರೂ ನಡೆಯುತ್ತದೆ. ಕೊರತೆ ಇರುವುದು ಶಿಸ್ತಿನಲ್ಲಿ: ಯಾರೋ ಒಬ್ಬರು ಡೆಸ್ಕ್‌ಟಾಪಿನ ಮೇಲೆಯೇ ಕಡತ ಉಳಿಸುತ್ತಾರೆ, ಆ ಡಿಸ್ಕ್ ಕೆಟ್ಟ ದಿನ ಅದು ಗೊತ್ತಾಗುತ್ತದೆ. ಹಳೆಯ ನ್ಯಾಸ್ ಇರುವವರು ಇನ್ನೊಂದನ್ನು ಗಮನಿಸಿ. ವಿಂಡೋಸ್ 11ರ 24ಎಚ್2 ಆವೃತ್ತಿ ಜಾಲದ ಕಡತ ಸಂಪರ್ಕಕ್ಕೆ ಯಂತ್ರಗಳ ನಡುವಿನ ಭದ್ರತಾ ಸಹಿ (ಎಸ್‌ಎಂಬಿ ಸೈನಿಂಗ್) ಇರಲೇಬೇಕೆಂದು ತಾನಾಗಿ ಕೇಳುತ್ತದೆ, ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನು ಪ್ರೊ ಆವೃತ್ತಿಯಲ್ಲಿ ಒಪ್ಪುವುದಿಲ್ಲ. ಅಪ್‌ಡೇಟ್ ಆದ ಮರುದಿನ ಶೇರ್ ಕಾಣುತ್ತಿಲ್ಲ ಎಂದರೆ ಭದ್ರತೆಯನ್ನು ಕಳಚಬೇಡಿ, ನ್ಯಾಸ್‌ನಲ್ಲಿ ಪ್ರತಿಯೊಬ್ಬರಿಗೂ ಹೆಸರು ಮತ್ತು ಪಾಸ್‌ವರ್ಡ್ ಮಾಡಿಕೊಡಿ.

ರೋಮಿಂಗ್ ಪ್ರೊಫೈಲ್ ವಿಂಡೋಸ್ ಎನ್‌ಟಿ ಕಾಲದ ಹಳೆಯ ಉಪಾಯ. ಲಾಗಿನ್ ಆದಾಗ ಇಡೀ ಪ್ರೊಫೈಲ್ ಸರ್ವರಿನಿಂದ ಕಂಪ್ಯೂಟರಿಗೆ ಇಳಿಯುತ್ತದೆ, ಹೊರಬಂದಾಗ ಬದಲಾದ ಭಾಗ ಸರ್ವರಿಗೆ ಮರಳುತ್ತದೆ. ಕೇಳಲು ಸೊಗಸು. ಆದರೆ ಲೆಕ್ಕ ಹಾಕಿ ನೋಡಿ: 100 ಎಂಬಿಪಿಎಸ್ ಜಾಲದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್ ಸಾಗುತ್ತದೆ. 4 ಜಿಬಿ ಪ್ರೊಫೈಲ್ ಹೊಸ ಮೇಜಿಗೆ ಇಳಿಯಲು ಐದು ನಿಮಿಷ ದಾಟುತ್ತದೆ, ಸಾವಿರಾರು ಚಿಕ್ಕ ಕಡತಗಳಿದ್ದರೆ ಇನ್ನೂ ನಿಧಾನ. ಬೆಳಗ್ಗೆ ಹತ್ತಕ್ಕೆ ಎಲ್ಲರೂ ಒಟ್ಟಿಗೆ ಕಂಪ್ಯೂಟರ್ ತೆರೆದರೆ ಕಾಯುವ ಹೊತ್ತು ಬೆಳೆಯುತ್ತಲೇ ಹೋಗುತ್ತದೆ. ಒಬ್ಬರೇ ಎರಡು ಕಂಪ್ಯೂಟರಿನಲ್ಲಿ ಲಾಗಿನ್ ಆಗಿದ್ದರೆ ಕೊನೆಯಲ್ಲಿ ಹೊರಬಂದ ಕಡೆಯದು ಮೊದಲಿನದನ್ನು ಅಳಿಸಿ ಕೂರುತ್ತದೆ. ಎಲ್ಲಕ್ಕಿಂತ ನಿರಾಸೆಯ ಸಂಗತಿ, ಆಪ್‌ಡೇಟಾದ ಲೋಕಲ್ ಭಾಗ ಪ್ರಯಾಣ ಮಾಡುವುದೇ ಇಲ್ಲ. ಕ್ರೋಮ್ ತನ್ನ ಬುಕ್‌ಮಾರ್ಕು, ಉಳಿಸಿದ ಪಾಸ್‌ವರ್ಡುಗಳನ್ನು ಇಡುವುದು ಅಲ್ಲಿಯೇ. ಐದು ನಿಮಿಷ ಕಾದು ಒಳಹೋದವರಿಗೆ ತಮ್ಮ ಬುಕ್‌ಮಾರ್ಕುಗಳೇ ಸಿಗದಿದ್ದರೆ ಕಾದಿದ್ದು ಯಾತಕ್ಕೆ? 2026ರಲ್ಲಿ ಹೊಸದಾಗಿ ರೋಮಿಂಗ್ ಪ್ರೊಫೈಲ್ ಶುರುಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಫೋಲ್ಡರ್ ರೀಡೈರೆಕ್ಷನ್ ಇದಕ್ಕಿಂತ ಮೇಲು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮಾತ್ರ ಸರ್ವರಿನಲ್ಲಿ ಇರುತ್ತವೆ, ನಕಲಾಗಿ ಓಡಾಡುವುದಿಲ್ಲ, ಹಾಗಾಗಿ ಲಾಗಿನ್ ಬೇಗ ಆಗುತ್ತದೆ. ಇದಕ್ಕೆ ಡೊಮೈನ್ ಬೇಕು, ಅಂದರೆ ಪ್ರತಿ ಕಂಪ್ಯೂಟರಿನಲ್ಲೂ ವಿಂಡೋಸ್ ಪ್ರೊ ಇರಬೇಕು. ಮೈಕ್ರೋಸಾಫ್ಟಿನ ಸರ್ವರೇ ಆಗಬೇಕೆಂದಿಲ್ಲ, ಲಿನಕ್ಸ್ ಮೇಲೆ ಓಡುವ ಮುಕ್ತ ತಂತ್ರಾಂಶ ಸಾಂಬಾ 2012ರ ಡಿಸೆಂಬರಿನಲ್ಲಿ ಬಂದ ತನ್ನ 4.0 ಆವೃತ್ತಿಯಿಂದ ಡೊಮೈನ್ ನಡೆಸಬಲ್ಲದು, ಲೈಸೆನ್ಸ್ ಖರ್ಚಿಲ್ಲ. ಆದರೆ ಲಿನಕ್ಸ್ ಬಲ್ಲವರು ಕೈಗೆ ಸಿಗುವಂತಿರಬೇಕು. ಈ ವ್ಯವಸ್ಥೆ ಮಾಡುವವರು ಒಂದು ಟಿಕ್ ಗುರುತನ್ನು ಮರೆಯದೆ ನೋಡಬೇಕು: ಫೋಲ್ಡರಿನ ಸಂಪೂರ್ಣ ಹಕ್ಕು ಆ ಬಳಕೆದಾರರಿಗೆ ಮಾತ್ರ ಎಂಬ ಆಯ್ಕೆ ಮೊದಲೇ ಗುರುತಾಗಿರುತ್ತದೆ. ಹಾಗೆಯೇ ಬಿಟ್ಟರೆ ಸಿಬ್ಬಂದಿ ಬಿಟ್ಟುಹೋದ ದಿನ ಅಡ್ಮಿನಿಸ್ಟ್ರೇಟರಿಗೂ ಆ ಫೋಲ್ಡರ್ ತೆರೆಯುವುದಿಲ್ಲ, ಒಡೆತನ ಕಿತ್ತುಕೊಂಡು ಅನುಮತಿಗಳನ್ನೆಲ್ಲ ಹೊಸದಾಗಿ ಬರೆಯಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಆಫ್‌ಲೈನ್ ಪ್ರತಿ ಉಳಿದಿರದಿದ್ದರೆ, ಸರ್ವರ್ ನಿಂತಾಗ ಎಲ್ಲರ ಡೆಸ್ಕ್‌ಟಾಪೂ ಖಾಲಿ ಎಂಬುದನ್ನೂ ನೆನಪಿಡಿ. ಆಪ್‌ಡೇಟಾವನ್ನು ಮಾತ್ರ ರೀಡೈರೆಕ್ಟ್ ಮಾಡಲು ಹೋಗಬೇಡಿ, ತಂತ್ರಾಂಶಗಳು ಒಂದೊಂದಾಗಿ ತೊಡರುತ್ತವೆ.

ಒನ್‌ಡ್ರೈವ್ ದಾರಿ ಸರ್ವರೇ ಇಲ್ಲದ ಕಚೇರಿಗೆ ಒಳ್ಳೆಯದು. ಮೈಕ್ರೋಸಾಫ್ಟ್ 365ರ ಬಿಸಿನೆಸ್ ಯೋಜನೆಗಳು 300 ಬಳಕೆದಾರರವರೆಗೆ ಸಿಗುತ್ತವೆ, ಬೇಸಿಕ್, ಸ್ಟ್ಯಾಂಡರ್ಡ್, ಪ್ರೀಮಿಯಂ ಮೂರರಲ್ಲೂ ತಲಾ 1 ಟಿಬಿ ಜಾಗವಿದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಒನ್‌ಡ್ರೈವಿಗೆ ಸೇರಿಸಿದರೆ ಯಾವ ಮೇಜಿನಲ್ಲಿ ಲಾಗಿನ್ ಆದರೂ ಕಡತಗಳ ಹೆಸರು ತಕ್ಷಣ ಕಾಣುತ್ತದೆ, ತೆರೆದದ್ದು ಮಾತ್ರ ಇಳಿಯುತ್ತದೆ. ಇಂಟರ್ನೆಟ್ ಹೋದರೂ ಈಗಾಗಲೇ ಇಳಿದದ್ದರಲ್ಲಿ ಕೆಲಸ ನಡೆಯುತ್ತದೆ. ಎರಡು ಎಚ್ಚರಿಕೆಗಳಿವೆ. ಟ್ಯಾಲಿಯ ಡೇಟಾ ಫೋಲ್ಡರನ್ನೂ ಔಟ್‌ಲುಕ್ ಇಮೇಲ್ ಇಡುವ ಪಿಎಸ್‌ಟಿ ಕಡತವನ್ನೂ ಇದರೊಳಗೆ ಹಾಕಬೇಡಿ. ತೆರೆದೇ ಇರುವ, ಕ್ಷಣಕ್ಷಣಕ್ಕೂ ಬದಲಾಗುವ ಕಡತಗಳನ್ನು ಸಿಂಕ್ ಮಾಡಹೊರಟರೆ ಅವು ಕೆಡುತ್ತವೆ. ಇನ್ನೊಂದು, ಬಿಟ್ಟುಹೋದವರ ಖಾತೆಯನ್ನು ಅಳಿಸಿದರೆ ಅವರ ಒನ್‌ಡ್ರೈವ್ ಸೆಟ್ಟಿಂಗ್ ಬದಲಿಸದಿದ್ದ ಪಕ್ಷದಲ್ಲಿ 30 ದಿನ ಮಾತ್ರ ಉಳಿಯುತ್ತದೆ. ಆಮೇಲೆ ನೋಡೋಣ ಎಂದುಕೊಂಡರೆ ಕಡತಗಳು ಕೈತಪ್ಪುತ್ತವೆ.

ಇನ್ನು ಎಫ್‌ಎಸ್‌ಲಾಜಿಕ್ಸ್. ಈ ಸಂಸ್ಥೆಯನ್ನು ಮೈಕ್ರೋಸಾಫ್ಟ್ 2018ರಲ್ಲಿ ಕೊಂಡುಕೊಂಡಿತು. ಇಡೀ ಪ್ರೊಫೈಲನ್ನು ಒಂದೇ ವರ್ಚುವಲ್ ಡಿಸ್ಕ್ ಕಡತದೊಳಗಿಟ್ಟು ಲಾಗಿನ್ ಆದಾಗ ಜೋಡಿಸುವುದು ಇದರ ಕೆಲಸ. ನಕಲು ಮಾಡುವ ಗೋಜಿಲ್ಲ, ಲೋಕಲ್ ಭಾಗವೂ ಜೊತೆಗೇ ಬರುತ್ತದೆ, ಔಟ್‌ಲುಕ್ ತನ್ನ ಬಳಿ ಇಟ್ಟುಕೊಳ್ಳುವ ಇಮೇಲ್ ಪ್ರತಿಗಳು ಕೂಡ. ವಿಂಡೋಸ್ ಸರ್ವರ್ 2012ರಲ್ಲಿ ಬಂದಿದ್ದ ಯೂಸರ್ ಪ್ರೊಫೈಲ್ ಡಿಸ್ಕ್ ಇದೇ ಜಾತಿಯದು, ಈಗ ಅದರ ಜಾಗವನ್ನು ಎಫ್‌ಎಸ್‌ಲಾಜಿಕ್ಸ್ ತುಂಬಿದೆ. ಆರ್‌ಡಿಎಸ್ (ಮುಂದೆ ಹೇಳುವ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್) ಲೈಸೆನ್ಸ್ ಅಥವಾ ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂ ಇದ್ದವರು ಬೇರೆ ಹಣ ಕೊಡಬೇಕಾಗಿಲ್ಲ. ತಾಂತ್ರಿಕವಾಗಿ ಎಲ್ಲಕ್ಕಿಂತ ಉತ್ತಮ ಪರಿಹಾರ ಇದು. ಆದರೂ ಸಣ್ಣ ಕಚೇರಿಗೆ ಸಾಮಾನ್ಯವಾಗಿ ಇದರ ಅಗತ್ಯ ಬೀಳುವುದಿಲ್ಲ. ಬಳಕೆದಾರರು ಎರಡು ಮೂರು ಸರ್ವರುಗಳ ನಡುವೆ ಹಂಚಿಹೋಗುವ ಕಡೆ ಇದು ಬೇಕು. ಇರುವುದೇ ಒಂದು ಸರ್ವರ್ ಆದರೆ ಎಲ್ಲರ ಪ್ರೊಫೈಲೂ ಆ ಸರ್ವರಿನ ಡಿಸ್ಕಿನಲ್ಲೇ ಸ್ಥಳೀಯವಾಗಿ ಇರುತ್ತದೆ. ಯಾವ ಮೇಜಿನಿಂದ ಸಂಪರ್ಕಿಸಿದರೂ, ಮನೆಯಿಂದ ಸಂಪರ್ಕಿಸಿದರೂ ಅದೇ ಪ್ರೊಫೈಲ್ ಸಿಗುತ್ತದೆ. ಒಂದು ಸರ್ವರ್ ಇರುವಲ್ಲಿಗೆ ದೊಡ್ಡ ಪ್ರೊಫೈಲ್ ವ್ಯವಸ್ಥೆಯನ್ನು ಮಾರಲು ಬಂದವರಿಗೆ ಇದನ್ನು ಹೇಳಿ.

ದೂರದಿಂದ ಕೆಲಸ: ನಾಲ್ಕು ದಾರಿ

ಮೊದಲನೆಯದು, ಅವರವರ ಕಚೇರಿ ಕಂಪ್ಯೂಟರಿಗೇ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸಂಪರ್ಕಿಸುವುದು. ವಿಂಡೋಸ್ ಪ್ರೊದಲ್ಲಿ ಈ ಸೌಲಭ್ಯ ಒಳಗೇ ಇದೆ. ಹೋಮ್ ಆವೃತ್ತಿಯಿಂದ ಬೇರೆ ಕಂಪ್ಯೂಟರಿಗೆ ಹೋಗಬಹುದು, ಅದರೊಳಕ್ಕೆ ಬರಲಾಗದು. ಪ್ರೊದಲ್ಲೂ ಒಂದು ಹೊತ್ತಿಗೆ ಒಬ್ಬರೇ: ಮನೆಯಿಂದ ನೀವು ಒಳಬಂದರೆ ಕಚೇರಿಯಲ್ಲಿ ಆ ಪರದೆ ಬೀಗ ಹಾಕಿಕೊಳ್ಳುತ್ತದೆ. ಈ ಮಿತಿಯನ್ನು ಮುರಿಯಲು ವಿಂಡೋಸಿನ ಒಳಗಡತಗಳಿಗೆ ಕೈಹಾಕುವ ತಂತ್ರಾಂಶಗಳು ಪೇಟೆಯಲ್ಲಿ ಓಡಾಡುತ್ತವೆ. ಅವು ಲೈಸೆನ್ಸಿಗೆ ವಿರುದ್ಧ, ಮುಂದಿನ ಅಪ್‌ಡೇಟಿಗೆ ಕೆಡುವುದೂ ಉಂಟು. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಇರಲೇಬಾರದ ವಸ್ತು ಅದು. ಒಬ್ಬರಿಗೆ ಒಂದು ಕಂಪ್ಯೂಟರ್ ಇರುವ ಕಡೆ, ಮನೆಯಿಂದ ಕೆಲಸ ಮಾಡುವವರು ಮೂರು ನಾಲ್ಕು ಮಂದಿಯಾದರೆ ಈ ದಾರಿ ಸಾಕು. ಖರ್ಚು ಹೆಚ್ಚೇನಿಲ್ಲ. ಕಂಪ್ಯೂಟರ್ ನಿದ್ದೆಗೆ ಜಾರದಂತೆ ಮಾಡಿ. ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗಿನಲ್ಲಿ), ವಿದ್ಯುತ್ ಹೋಗಿ ಬಂದ ಮೇಲೆ ತಾನೇ ಆನ್ ಆಗುವ ಸೆಟ್ಟಿಂಗ್ ಹಾಕಿ. ಇಲ್ಲದಿದ್ದರೆ ಶನಿವಾರ ರಾತ್ರಿ ಕರೆಂಟು ಹೋಗಿ ಬಂದ ನಂತರ ಭಾನುವಾರವಿಡೀ ಯಾರಿಗೂ ಸಂಪರ್ಕ ಸಿಗುವುದಿಲ್ಲ.

ಎರಡನೆಯದು ಎನಿಡೆಸ್ಕ್, ಟೀಮ್‌ವ್ಯೂವರ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, ರಸ್ಟ್‌ಡೆಸ್ಕ್ ಬಗೆಯ ಪರದೆ ಹಂಚುವ ತಂತ್ರಾಂಶಗಳು. ರೂಟರ್ ಮುಟ್ಟಬೇಕಿಲ್ಲ, ಹೋಮ್ ಆವೃತ್ತಿಯಲ್ಲೂ ನಡೆಯುತ್ತವೆ, ಹತ್ತು ನಿಮಿಷದಲ್ಲಿ ಸಿದ್ಧ. ಎನಿಡೆಸ್ಕ್, ಟೀಮ್‌ವ್ಯೂವರ್ ಉಚಿತವಾಗಿರುವುದು ವೈಯಕ್ತಿಕ ಬಳಕೆಗೆ ಮಾತ್ರ, ಕಚೇರಿಗೆ ಹಣ ಕೊಡಬೇಕು. ರಸ್ಟ್‌ಡೆಸ್ಕ್ ಮುಕ್ತ ತಂತ್ರಾಂಶ, ಬೇಕೆಂದರೆ ಅದರ ಸರ್ವರನ್ನು ನೀವೇ ನಡೆಸಬಹುದು. ದಿನವಿಡೀ ಎಕ್ಸೆಲ್‌ನಲ್ಲಿ ಕೂರುವವರಿಗೆ ಇವು ಕಣ್ಣಿಗೂ ಕೈಗೂ ಸುಸ್ತು, ಮುದ್ರಣವೂ ತೊಡಕು. ಭದ್ರತೆಯ ದೃಷ್ಟಿಯಿಂದ ನನ್ನ ಆತಂಕ ಬೇರೆಯೇ: ಯಾರದೋ ಫೋನ್ ಕರೆ ನಂಬಿ ಪರದೆಯ ಮೇಲಿನ ಸಂಪರ್ಕ ಸಂಖ್ಯೆಯನ್ನು ಓದಿ ಹೇಳಿ ಒಳಬಿಟ್ಟ ಸಿಬ್ಬಂದಿಯಿಂದ ಕಚೇರಿಗೆ ಕಚೇರಿಯೇ ಬಯಲಾಗಬಹುದು. ತಂತ್ರಜ್ಞರು ದೂರದಿಂದ ರಿಪೇರಿ ಮಾಡಲು ಇವು ಒಳ್ಳೆಯವು, ನಿತ್ಯದ ಕೆಲಸಕ್ಕೆ ಎರಡನೇ ಆಯ್ಕೆ. ಒಂದು ವಿಷಯದಲ್ಲಿ ಮಾತ್ರ ಇವು ಎಲ್ಲರನ್ನೂ ಮೀರಿಸುತ್ತವೆ, ಅದನ್ನು ಸಹಿಯ ಟೋಕನ್ನಿನ ಬಳಿ ಹೇಳುತ್ತೇನೆ.

ಮೂರನೆಯದು ಕಚೇರಿಯಲ್ಲೇ ಒಂದು ವಿಂಡೋಸ್ ಸರ್ವರ್, ಅದರ ಮೇಲೆ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್, ಎಲ್ಲರ ಬಾಯಲ್ಲಿ ಆರ್‌ಡಿಎಸ್. ಎಂಟು ಮಂದಿ ಒಂದೇ ಯಂತ್ರದಲ್ಲಿ ತಮ್ಮ ತಮ್ಮ ಪರದೆ ತೆರೆದು ಕೂರುತ್ತಾರೆ. ಮೇಜಿನ ಮೇಲಿನ ಕಂಪ್ಯೂಟರ್ ಹಳೆಯದಾದರೂ ಕೆಲಸ ಓಡುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿರುವುದರಿಂದ ಆ ಹಳೆಯ ಯಂತ್ರಗಳಲ್ಲಿ ಲಿನಕ್ಸ್ ಹಾಕಿ ಬರೀ ಸಂಪರ್ಕಕ್ಕೆ ಬಳಸುವುದೂ ಸಾಧ್ಯ. ಟ್ಯಾಲಿಗೆ ಇದಕ್ಕಿಂತ ಹಿತವಾದ ವ್ಯವಸ್ಥೆ ಇನ್ನೊಂದಿಲ್ಲ: ತಂತ್ರಾಂಶವೂ ಡೇಟಾವೂ ಒಂದೇ ಡಿಸ್ಕಿನಲ್ಲಿರುತ್ತವೆ, ಹಾಗಾಗಿ ಮನೆಯ ನಿಧಾನ ಸಂಪರ್ಕದಲ್ಲೂ ಲೆಡ್ಜರ್ ತಟ್ಟನೆ ತೆರೆಯುತ್ತದೆ. ಏಕಕಾಲಕ್ಕೆ ಹಲವರು ಬಳಸುವುದರಿಂದ ಟ್ಯಾಲಿಪ್ರೈಮ್ ಸಿಲ್ವರ್ ಸಾಲದು, ಗೋಲ್ಡ್ ಬೇಕು.

ಆರ್‌ಡಿಎಸ್‌ನಲ್ಲಿ ಹಣದ ಲೆಕ್ಕ ತಪ್ಪುವುದು ಲೈಸೆನ್ಸಿನಲ್ಲಿ. ಸರ್ವರಿನ ಲೈಸೆನ್ಸ್ ಒಂದು, ಪ್ರತಿ ಬಳಕೆದಾರರಿಗೆ ಅಥವಾ ಸಾಧನಕ್ಕೆ ಸರ್ವರ್ ಕ್ಯಾಲ್ (ಸರ್ವರನ್ನು ಬಳಸುವ ಹಕ್ಕಿನ ಲೈಸೆನ್ಸ್) ಇನ್ನೊಂದು, ಅದರ ಮೇಲೆ ಆರ್‌ಡಿಎಸ್ ಕ್ಯಾಲ್ ಮತ್ತೊಂದು. ಕೊಟೇಶನ್ನಿನಲ್ಲಿ ಮೂರೂ ಸಾಲುಗಳು ಇಲ್ಲದಿದ್ದರೆ ಮಾರಾಟಗಾರರನ್ನು ಕೇಳಿ. ಕ್ಯಾಲ್ ಹಾಕದಿದ್ದರೂ ಮೊದಲ 120 ದಿನ ಎಲ್ಲವೂ ನಡೆಯುವುದರಿಂದ, ನಾಲ್ಕು ತಿಂಗಳ ನಂತರ ಒಂದು ಬೆಳಗ್ಗೆ ಯಾರಿಗೂ ಲಾಗಿನ್ ಆಗದೆ ಗಾಬರಿಯಾಗುವ ಕಚೇರಿಗಳಿವೆ. ಡೊಮೈನ್ ಇಲ್ಲದೆ ವರ್ಕ್‌ಗ್ರೂಪಿನಲ್ಲಿ ನಡೆಸುವುದಾದರೆ ಸಾಧನಕ್ಕೊಂದು ಎಂಬ ಬಗೆಯ ಕ್ಯಾಲ್ ಕೊಳ್ಳಿ. ಸರ್ವರ್ 2019ರಿಂದೀಚೆಗೆ ವರ್ಕ್‌ಗ್ರೂಪಿನಲ್ಲಿ ಬಳಕೆದಾರರಿಗೊಂದು ಎಂಬ ಬಗೆ ಹಾಕಿದರೆ 60 ನಿಮಿಷಕ್ಕೆ ಸೆಷನ್ ಕಡಿದುಹೋಗುತ್ತದೆ. ಎಂಎಸ್ ಆಫೀಸ್ ಬಗ್ಗೆಯೂ ಮೊದಲೇ ವಿಚಾರಿಸಿ. ಹಲವರು ಹಂಚಿಕೊಳ್ಳುವ ಸರ್ವರಿನಲ್ಲಿ ಬಿಸಿನೆಸ್ ಸ್ಟ್ಯಾಂಡರ್ಡ್ ಯೋಜನೆಯ ಆಫೀಸ್ ಸಕ್ರಿಯವಾಗುವುದಿಲ್ಲ, ಬಿಸಿನೆಸ್ ಪ್ರೀಮಿಯಂ ಆಗುತ್ತದೆ. ಈ ಒಂದು ಸಾಲು ತಿಳಿಯದೆ ಎರಡು ಸಲ ಹಣ ತೆತ್ತವರಿದ್ದಾರೆ. 25 ಬಳಕೆದಾರರವರೆಗೆ ಕ್ಯಾಲ್ ಬೇಡದ, ವಿಂಡೋಸ್ ಸರ್ವರಿನ ಎಸೆನ್ಷಿಯಲ್ಸ್ ಆವೃತ್ತಿ ಕಡತ ಮತ್ತು ಡೊಮೈನ್ ಕೆಲಸಕ್ಕೆ ಸರಿ. ಹತ್ತು ಮಂದಿಯ ರಿಮೋಟ್ ಕೆಲಸಕ್ಕೆಂದು ಅದನ್ನು ಆರಿಸಬೇಡಿ.

ಯಂತ್ರದ ವಿಷಯದಲ್ಲಿ ನನ್ನ ಅಂದಾಜು ಹೀಗೆ: ತಲಾ 3 ಜಿಬಿ ಮೆಮೊರಿ, ಸರ್ವರಿನ ಪಾಲಿಗೆ 8 ಜಿಬಿ. ಎಂಟು ಮಂದಿಗೆ 32 ಜಿಬಿ ಆಯಿತು. ಎರಡು ಎಸ್‌ಎಸ್‌ಡಿಗಳು ಒಂದರ ಕನ್ನಡಿಯಂತೆ ಇನ್ನೊಂದು. ಯುಪಿಎಸ್ ಕಡ್ಡಾಯ, ಬ್ಯಾಟರಿ ಕುಸಿಯುವ ಮೊದಲು ಸರ್ವರ್ ತಾನೇ ಸುರಕ್ಷಿತವಾಗಿ ಮುಚ್ಚಿಕೊಳ್ಳುವಂತೆ ಯುಎಸ್‌ಬಿ ತಂತಿ ಜೋಡಿಸಿರಬೇಕು. ಸಿಬ್ಬಂದಿಗೆ ಒಂದು ಅಭ್ಯಾಸ ಕಲಿಸಿ. ಕಿಟಕಿಯ ಗುಣಾಕಾರ ಚಿಹ್ನೆ ಒತ್ತಿದರೆ ಸಂಪರ್ಕ ಮಾತ್ರ ಕಡಿಯುತ್ತದೆ, ಸೆಷನ್ ಸರ್ವರಿನಲ್ಲಿ ಎಚ್ಚರವಾಗಿಯೇ ಇರುತ್ತದೆ. ಒಬ್ಬರು ಹಾಗೆ ಮನೆಗೆ ಹೋದರೆ ಅವರು ತೆರೆದಿಟ್ಟ ಎಕ್ಸೆಲ್ ಕಡತ ಬೇರೆಯವರಿಗೆ ಓದಲು ಮಾತ್ರ ಸಿಗುತ್ತದೆ. ಸೈನ್ ಔಟ್ ಮಾಡುವುದು ರೂಢಿಯಾಗಬೇಕು, ಕಡಿದ ಸೆಷನ್ನುಗಳನ್ನು ಕೆಲವು ಗಂಟೆಗಳ ನಂತರ ಮುಗಿಸುವ ಮಿತಿಯನ್ನೂ ಹಾಕಿಡಬೇಕು.

ನಾಲ್ಕನೆಯದು ಕ್ಲೌಡ್ ಡೆಸ್ಕ್‌ಟಾಪ್. 2021ರ ಆಗಸ್ಟಿನಲ್ಲಿ ಬಂದ ವಿಂಡೋಸ್ 365ರಲ್ಲಿ ಪ್ರತಿಯೊಬ್ಬರಿಗೂ ಕ್ಲೌಡಿನಲ್ಲಿ ಒಂದು ಪೂರ್ಣ ಕಂಪ್ಯೂಟರ್, ತಿಂಗಳಿಗೆ ನಿಗದಿತ ಬಾಡಿಗೆ. ಪ್ರೊಫೈಲ್ ಚಿಂತೆ ಇಲ್ಲವೇ ಇಲ್ಲ. ಅಜೂರ್ ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ ಬಳಸಿದಷ್ಟು ಹೊತ್ತಿಗೆ ಹಣ, ಆದರೆ ನಡೆಸಲು ಬಲ್ಲವರು ಬೇಕು. ಸರ್ವರ್ ಕೊಠಡಿ, ಯುಪಿಎಸ್, ಡಿಸ್ಕ್ ಬದಲಾವಣೆ ಯಾವುದೂ ನಿಮ್ಮ ತಲೆಬಿಸಿಯಲ್ಲ. ಕಚೇರಿಯಲ್ಲಿ ಕರೆಂಟು ಹೋದರೂ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಹಾಟ್‌ಸ್ಪಾಟಿನಿಂದ ಕೆಲಸ ಮುಂದುವರಿಸಬಹುದು. ಆದರೆ ವರ್ಷವಿಡೀ ದಿನಕ್ಕೆ ಎಂಟು ಗಂಟೆ ಬಳಸುವ ಹತ್ತು ಮಂದಿಗೆ ಮೂರು ವರ್ಷದ ಬಾಡಿಗೆಯನ್ನು ಕೂಡಿಸಿ, ಅದರ ಪಕ್ಕದಲ್ಲಿ ಸ್ವಂತ ಸರ್ವರಿನ ಒಟ್ಟು ಖರ್ಚನ್ನು ಬರೆದು ನೋಡಿ, ಸಾಮಾನ್ಯವಾಗಿ ಬಾಡಿಗೆಯೇ ಮೇಲಾಗುತ್ತದೆ. ಹೆಚ್ಚುವರಿ ಕೆಲಸಗಾರರು ಎರಡು ಮೂರು ತಿಂಗಳಿಗೆ ಮಾತ್ರ ಬೇಕಾಗುವ ಕಚೇರಿಗೆ ಇದು ಹೇಳಿ ಮಾಡಿಸಿದಂತಿದೆ, ಬೇಕಾದ ತಿಂಗಳಿಗೆ ತೆಗೆದುಕೊಂಡು ಬಿಟ್ಟುಬಿಡಬಹುದು.

ಸಹಿಯ ಟೋಕನ್ನು ಮತ್ತು ಕನ್ನಡದ ಕೀಲಿಮಣೆ

ಕೊಟೇಶನ್ನಿನಲ್ಲಿ ಯಾರೂ ಬರೆಯದ ಎರಡು ಸಂಗತಿಗಳು ಇವು.

ಡಿಜಿಟಲ್ ಸಹಿಯ ಟೋಕನ್ನನ್ನು ವಿಂಡೋಸ್ ಸ್ಮಾರ್ಟ್ ಕಾರ್ಡಿನಂತೆ ಕಾಣುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಸೆಷನ್ನಿನೊಳಗೆ ವಿಂಡೋಸ್ ಸ್ಮಾರ್ಟ್ ಕಾರ್ಡನ್ನು ಹುಡುಕುವುದು ನೀವು ಕೂತಿರುವ ಕಡೆಯ ಕಂಪ್ಯೂಟರಿನಲ್ಲಿ, ದೂರದ ಯಂತ್ರದಲ್ಲಿ ಅಲ್ಲ. ಅಂದರೆ ಟೋಕನ್ನನ್ನು ಕಚೇರಿಯ ಕಂಪ್ಯೂಟರಿಗೆ ಚುಚ್ಚಿ ಮನೆಗೆ ಹೋಗಿ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಒಳಬಂದರೆ ಪೋರ್ಟಲ್ "ಟೋಕನ್ ಕಾಣಿಸುತ್ತಿಲ್ಲ" ಎನ್ನುತ್ತದೆ. ಕಚೇರಿಗೆ ಹೋಗಿ ನೋಡಿದರೆ ಅದರ ದೀಪ ಉರಿಯುತ್ತಿರುತ್ತದೆ. ಪರಿಹಾರ ಎರಡು ಬಗೆಯದು. ಟೋಕನ್ನನ್ನು ನೀವು ಕೂತ ಕಂಪ್ಯೂಟರಿಗೆ ಚುಚ್ಚಿ, ಸಂಪರ್ಕದ ಸೆಟ್ಟಿಂಗಿನಲ್ಲಿ ಸ್ಮಾರ್ಟ್ ಕಾರ್ಡ್ ಹಂಚಿಕೆಯನ್ನು ಆರಿಸಿ, ಟೋಕನ್ನಿನ ಡ್ರೈವರನ್ನು ದೂರದ ಯಂತ್ರದಲ್ಲೂ ಹಾಕುವುದು ಒಂದು. ಎನಿಡೆಸ್ಕ್ ಬಗೆಯ ತಂತ್ರಾಂಶ ಕಚೇರಿ ಕಂಪ್ಯೂಟರಿನ ನಿಜವಾದ ಪರದೆಯನ್ನೇ ತೋರಿಸುವುದರಿಂದ ಅಲ್ಲಿ ಚುಚ್ಚಿದ ಟೋಕನ್ ಕಾಣುತ್ತದೆ, ಅದು ಇನ್ನೊಂದು. ನನ್ನ ಸಲಹೆ ಇನ್ನೂ ಸರಳ: ಸಹಿ ಹಾಕುವ ಕೆಲಸಕ್ಕೆ ಕಚೇರಿಯಲ್ಲಿ ಒಂದು ಸಾಮಾನ್ಯ ಕಂಪ್ಯೂಟರನ್ನು ಬೇರೆಯಾಗಿ ಇಡಿ, ಸಲ್ಲಿಕೆಗಳೆಲ್ಲ ಅಲ್ಲಿಂದಲೇ ಆಗಲಿ. ಕಕ್ಷಿದಾರರ ಟೋಕನ್ನುಗಳನ್ನು ರಾತ್ರಿಯಿಡೀ ಯಂತ್ರಕ್ಕೆ ಚುಚ್ಚಿಟ್ಟು ಹೋಗುವ ಅಭ್ಯಾಸವೇ ಅಪಾಯ. ಅದು ಅವರ ಸಹಿ, ಬೀಗ ಹಾಕಿದ ಡ್ರಾಯರಿನಲ್ಲಿರಬೇಕಾದದ್ದು.

ಕನ್ನಡದ ಮಾತೂ ಹೀಗೆಯೇ. ರಿಮೋಟ್ ಡೆಸ್ಕ್‌ಟಾಪ್ ಸಾಮಾನ್ಯವಾಗಿ ನೀವು ಒತ್ತಿದ ಕೀಲಿಯನ್ನು ಕಳಿಸುತ್ತದೆಯೇ ಹೊರತು ಮೂಡಿದ ಅಕ್ಷರವನ್ನಲ್ಲ. ಆದ್ದರಿಂದ ನುಡಿಯಾಗಲಿ ಬರಹವಾಗಲಿ ಸರ್ವರಿನಲ್ಲೇ ಇರಬೇಕು, ನಿಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದರೆ ಸಾಲದು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪತ್ರಗಳಿದ್ದರೆ ಆ ಫಾಂಟುಗಳನ್ನೂ ಸರ್ವರಿಗೆ ಹಾಕಿ. ಹೊಸದಾಗಿ ಬರೆಯುವುದನ್ನೆಲ್ಲ ಯೂನಿಕೋಡಿಗೆ ತಂದುಬಿಟ್ಟರೆ ಈ ಕಿರಿಕಿರಿ ಮುಂದಿನ ಸರ್ವರಿಗೆ ದಾಟುವುದಿಲ್ಲ.

ಬಾಗಿಲು ತೆರೆದಿಡಬೇಡಿ

ಯಾವ ದಾರಿ ಹಿಡಿದರೂ ಒಂದು ಕೆಲಸ ಮಾಡಲೇಬಾರದು: ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟನ್ನು ರೂಟರಿನಲ್ಲಿ ಇಂಟರ್ನೆಟ್ಟಿಗೆ ತೆರೆದು ಕೈತೊಳೆದುಕೊಳ್ಳುವುದು. ಸಂಖ್ಯೆ ಬದಲಿಸಿದರೂ ಅಷ್ಟೇ, ಹುಡುಕುವ ಯಂತ್ರಗಳು ಎಲ್ಲ ಪೋರ್ಟುಗಳನ್ನೂ ತಟ್ಟಿ ನೋಡುತ್ತವೆ. 2019ರ ಮೇ ತಿಂಗಳಲ್ಲಿ ಬಯಲಾದ, ರಿಮೋಟ್ ಡೆಸ್ಕ್‌ಟಾಪಿನ ಬ್ಲೂಕೀಪ್ ದೋಷದಲ್ಲಿ ಪಾಸ್‌ವರ್ಡೇ ಇಲ್ಲದೆ ಒಳನುಗ್ಗಲು ಸಾಧ್ಯವಿತ್ತು. ಬೆಂಬಲ ಮುಗಿದು ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತೇಪೆ ಬಿಡುಗಡೆ ಮಾಡಬೇಕಾಯಿತು. ಹೀಗೆ ತೆರೆದ ರಿಮೋಟ್ ಡೆಸ್ಕ್‌ಟಾಪ್ ಕಡತಗಳನ್ನು ಒತ್ತೆಯಿಡುವ ರಾನ್ಸಮ್‌ವೇರಿಗೆ ಹೆದ್ದಾರಿ.

ಬದಲಿಗೆ ವಿಪಿಎನ್ (ಮನೆಗೂ ಕಚೇರಿಗೂ ನಡುವೆ ಗೂಢಲಿಪಿಯ ಖಾಸಗಿ ದಾರಿ) ಹಾಕಿ, ಅದರೊಳಗೆ ರಿಮೋಟ್ ಡೆಸ್ಕ್‌ಟಾಪ್ ನಡೆಸಿ. ವೈರ್‌ಗಾರ್ಡ್ ಎಂಬ ವಿಪಿಎನ್ ಹಗುರ, ವೇಗದ್ದು, 2020ರಿಂದ ಲಿನಕ್ಸ್ ಕರ್ನಲ್ಲಿನೊಳಗೇ ಇದೆ, ಮೈಕ್ರೋಟಿಕ್‌ನಂಥ ರೂಟರುಗಳಲ್ಲೂ ಸಿಗುತ್ತದೆ. ಅದಕ್ಕೆ ಹೊರಗಿನಿಂದ ತಲುಪಬಹುದಾದ ಐಪಿ ವಿಳಾಸ ಬೇಕು. ನಿಮ್ಮ ಬ್ರಾಡ್‌ಬ್ಯಾಂಡ್ ಕಂಪನಿ ಹಲವು ಗ್ರಾಹಕರಿಗೆ ಒಂದೇ ವಿಳಾಸ ಹಂಚಿದ್ದರೆ ಸ್ಟ್ಯಾಟಿಕ್ ಐಪಿ ಕೇಳಿ ಪಡೆಯಿರಿ, ಇಲ್ಲವೇ ವೈರ್‌ಗಾರ್ಡ್ ಮೇಲೆಯೇ ಕಟ್ಟಿದ ಟೇಲ್‌ಸ್ಕೇಲ್ ಬಳಸಿ, ಅದಕ್ಕೆ ಆ ತೊಡಕಿಲ್ಲ. ಖಾತೆಗಳಿಗೆ ಎರಡು ಹಂತದ ದೃಢೀಕರಣ ಇರಲಿ. ದಿನನಿತ್ಯದ ಕೆಲಸಕ್ಕೆ ಯಾರೂ ಅಡ್ಮಿನಿಸ್ಟ್ರೇಟರ್ ಆಗಿರಬಾರದು, ಕಚೇರಿಯ ಯಜಮಾನರೂ ಸೇರಿ.

ಬ್ಯಾಕಪ್ ಬೇರೆಯೇ ಮಾತು. ಕನ್ನಡಿ ಡಿಸ್ಕು ಬ್ಯಾಕಪ್ ಆಗದು, ಒನ್‌ಡ್ರೈವ್ ಸಿಂಕ್ ಕೂಡ ಆಗದು: ಇಲ್ಲಿ ಕೆಟ್ಟದ್ದು ಅಲ್ಲೂ ಕೆಡುತ್ತದೆ. ಒನ್‌ಡ್ರೈವಿನಲ್ಲಿ ಕಳೆದ 30 ದಿನಗಳೊಳಗಿನ ಸ್ಥಿತಿಗೆ ಮರಳುವ ಸೌಲಭ್ಯವಿದೆ, ಅಷ್ಟನ್ನೇ ನೆಚ್ಚಬೇಡಿ. ಟ್ಯಾಲಿ ಡೇಟಾದ ಒಂದು ಪ್ರತಿ ಪ್ರತಿದಿನ ಹೊರಗಿನ ಡಿಸ್ಕಿಗೆ ಹೋಗಲಿ, ಆ ಡಿಸ್ಕ್ ಕೆಲಸ ಮುಗಿದ ಮೇಲೆ ಕಳಚಿರಲಿ. ನಿಮ್ಮ ಬಳಿ ಇರುವುದು ಕಕ್ಷಿದಾರರ ಪ್ಯಾನ್, ಆಧಾರ್, ಬ್ಯಾಂಕ್ ವಿವರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸುರಕ್ಷತೆಯಲ್ಲಿ ಲೋಪ ಎಸಗಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡವನ್ನು ಹೇಳುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಐದು ಜನರೊಳಗಿನ ಕಚೇರಿ, ಮೇಜುಗಳು ನಿಶ್ಚಿತ, ಮನೆಯಿಂದ ಕೆಲಸ ಅಪರೂಪ: ಸ್ಥಳೀಯ ಪ್ರೊಫೈಲ್, ಕಡತಗಳಿಗೆ ಒನ್‌ಡ್ರೈವ್ ಅಥವಾ ನ್ಯಾಸ್, ಮನೆಯಿಂದ ಬರುವವರ ಯಂತ್ರಕ್ಕೆ ವಿಂಡೋಸ್ ಪ್ರೊ ಮತ್ತು ಟೇಲ್‌ಸ್ಕೇಲ್. ಸರ್ವರ್ ಬೇಡ.

ಆರರಿಂದ ಹದಿನೈದು ಜನ, ಟ್ಯಾಲಿಯೇ ಉಸಿರು, ಹುಡುಗರು ಮೇಜು ಬದಲಿಸುತ್ತಾರೆ, ಗಡುವಿನ ವಾರಗಳಲ್ಲಿ ಮನೆಯಿಂದಲೂ ಕೆಲಸ: ಒಂದು ಆರ್‌ಡಿಎಸ್ ಸರ್ವರ್, ಪ್ರೊಫೈಲ್ ಅದರ ಮೇಲೆಯೇ, ಹೊರಗಿನವರಿಗೆ ವಿಪಿಎನ್, ಸಹಿಗೆ ಬೇರೆ ಕಂಪ್ಯೂಟರ್. ಮೊದಲ ವರ್ಷದ ಖರ್ಚು ಕಣ್ಣಿಗೆ ಹೊಡೆಯುತ್ತದೆ, ನಂತರದ ವರ್ಷಗಳಲ್ಲಿ ತಗ್ಗುತ್ತದೆ. ಊರಿನಲ್ಲಿ ತಂತ್ರಜ್ಞರ ನೆರವು ಇಲ್ಲದಿದ್ದರೆ ಮಾತ್ರ ಇದನ್ನು ಬಿಟ್ಟು ವಿಂಡೋಸ್ 365ರತ್ತ ನೋಡಿ.

ಟ್ಯಾಲಿ ಇಲ್ಲ, ಕೆಲಸವೆಲ್ಲ ಬ್ರೌಸರ್ ಮತ್ತು ಎಕ್ಸೆಲ್‌ನಲ್ಲೇ, ಎಲ್ಲರ ಕೈಯಲ್ಲೂ ಲ್ಯಾಪ್‌ಟಾಪ್: ರಿಮೋಟ್ ಡೆಸ್ಕ್‌ಟಾಪಿನ ಮಾತೇ ಬೇಡ, ಮೈಕ್ರೋಸಾಫ್ಟ್ 365 ಸಾಕು. ನಾನು ಮೊದಲೇ ಹೇಳಿದ ಅಪವಾದ ಇದು. ಇಲ್ಲಿ ಮಾಹಿತಿ ಮನುಷ್ಯರ ಹಿಂದೆ ಹೋಗುವುದೇ ಸರಿ.

ಎರಡು ಊರುಗಳಲ್ಲಿ ಶಾಖೆ, ಹದಿನೈದು ದಾಟಿದ ಸಿಬ್ಬಂದಿ: ಡೊಮೈನ್ ಬೇಕೇ ಬೇಕು. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ನ ಒಂದು ಲೈಸೆನ್ಸಿನಲ್ಲಿ ಎರಡು ವರ್ಚುವಲ್ ಸರ್ವರುಗಳಿಗೆ ಹಕ್ಕಿದೆ, ಒಂದರಲ್ಲಿ ಡೊಮೈನ್, ಇನ್ನೊಂದರಲ್ಲಿ ಆರ್‌ಡಿಎಸ್ ಇಡಿ, ಎರಡನ್ನೂ ಒಂದರಲ್ಲೇ ತುರುಕಬೇಡಿ. ಮುಂದೆ ಇನ್ನೊಂದು ಆರ್‌ಡಿಎಸ್ ಸರ್ವರ್ ಸೇರುವ ಸೂಚನೆ ಇದ್ದರೆ ಎಫ್‌ಎಸ್‌ಲಾಜಿಕ್ಸನ್ನು ಆಗ ತನ್ನಿ.

ಹಣ ಕೊಡುವ ಮೊದಲು ಕಚೇರಿಯಲ್ಲಿ ಅತಿ ಹೆಚ್ಚು ಬಗೆಯ ಕೆಲಸ ಮಾಡುವ ಒಬ್ಬರನ್ನು ಆರಿಸಿ, ಹೊಸ ವ್ಯವಸ್ಥೆಯಲ್ಲಿ ಅವರೊಬ್ಬರನ್ನೇ ಒಂದು ತಿಂಗಳು ಕೂರಿಸಿ. 11ರ ಜಿಎಸ್‌ಟಿಆರ್-1, 20ರ 3ಬಿ, ಒಂದು ಕನ್ನಡ ಪತ್ರ, ಒಂದು ಸಹಿ, ಒಂದು ಮುದ್ರಣ, ಮನೆಯಿಂದ ಒಂದು ಸಂಜೆ. ಇವಿಷ್ಟೂ ತಡೆಯಿಲ್ಲದೆ ನಡೆದರೆ ಉಳಿದವರನ್ನು ಸೇರಿಸಿ. 120 ದಿನದ ರಿಯಾಯಿತಿ ಅವಧಿ ಈ ಪರೀಕ್ಷೆಗೆ ಧಾರಾಳವಾಗಿ ಸಾಕು.